ಆಟದ ಮೂಲ ಲೋಕ: ಮಧುಗಿರಿಯೋ, ಫೇರೂನೋ?

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂದರೆ ಮೇಜಿನ ಸುತ್ತ ಕೂತು, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ದಾಳ ಉರುಳಿಸುತ್ತ ಕಥೆ ಕಟ್ಟುವ ಆಟ. ತುಮಕೂರಿನಲ್ಲಿ ಭಾನುವಾರದ ಸಂಜೆ ಅದನ್ನು ಆಡುವ ನಮ್ಮ ಬಳಗಕ್ಕೆ ಒಂದು ಖಾಯಂ ಲೋಕ ಬೇಕಾಗಿದೆ. ಹೊಸ ಕಥೆ ಎಲ್ಲಿಂದ ಶುರುವಾಗಬೇಕು: ನಮ್ಮ ಮಧುಗಿರಿ ಸೀಮೆಯಿಂದಲೋ, ಆಟದ ಪುಸ್ತಕಗಳಲ್ಲಿ ಸಿದ್ಧವಾಗಿರುವ ಫೇರೂನ್ ಎಂಬ ಕಲ್ಪಿತ ನಾಡಿನಿಂದಲೋ? ಬಳಗದ ಇಬ್ಬರು ಬರೆದಿದ್ದಾರೆ.

ಪರ: ದುರ್ಗಗಳ ಸೀಮೆಯೇ ಸಾಕು

ತುಮಕೂರಿನಿಂದ ಪಾವಗಡದ ಬಸ್ ಹಿಡಿದು ಕಿಟಕಿಯ ಪಕ್ಕ ಕೂತವರಿಗೆ ನನ್ನ ವಾದವನ್ನು ಬಿಡಿಸಿ ಹೇಳಬೇಕಾಗಿಲ್ಲ. ದೇವರಾಯನದುರ್ಗ, ಚನ್ನರಾಯನದುರ್ಗ, ಮಧುಗಿರಿ, ಮಿಡಿಗೇಶಿ, ಕೊನೆಗೆ ಪಾವಗಡ. ಬೆಟ್ಟಕ್ಕೊಂದು ಕೋಟೆ, ಕೋಟೆಗೊಬ್ಬ ಪಾಳೆಯಗಾರ. ವಿಜಯನಗರದ ಬಲ ಕುಂದಿದೆ. ಶಿರಾದಲ್ಲಿ ಮೊದಲು ಬಿಜಾಪುರದವರು, 1687ರಿಂದ ಮೊಗಲರು ಕೂತಿದ್ದಾರೆ. ಊರೂರಿನ ನಡುವೆ ಕರಡಿ, ಚಿರತೆಗಳ ಕುರುಚಲು ಕಾಡು. ಸಾಹಸದ ಆಟಕ್ಕೆ ಇನ್ನೇನು ಬೇಕು? ಈ ಆಟದ ನಾಲ್ಕನೆಯ ಆವೃತ್ತಿ 2008ರಲ್ಲಿ ಬಂದಾಗ ತನ್ನ ಲೋಕವನ್ನು ಬಣ್ಣಿಸಿದ್ದೂ ಹೀಗೆಯೇ: ಸಾಮ್ರಾಜ್ಯ ಬಿದ್ದಿದೆ, ಸುತ್ತಲೂ ಕತ್ತಲೆ, ಅಲ್ಲೊಂದು ಇಲ್ಲೊಂದು ಊರಿನ ಬೆಳಕು.

1974ರಲ್ಲಿ ಡೇವ್ ಆರ್ನೆಸನ್ ಜೊತೆಗೂಡಿ ಆಟವನ್ನು ಹೊರತಂದ ಗ್ಯಾರಿ ಗೈಗ್ಯಾಕ್ಸ್ ತನ್ನ ಗ್ರೇಹಾಕ್ ಲೋಕವನ್ನು ಎಲ್ಲಿಂದ ತೆಗೆದ? ಉತ್ತರ ಅಮೆರಿಕದ ನಕ್ಷೆಯನ್ನೇ ಮುಂದಿಟ್ಟುಕೊಂಡು, ಷಿಕಾಗೋ ಇರುವ ಕಡೆ ಗ್ರೇಹಾಕ್ ನಗರವನ್ನು ನೆಟ್ಟ. ಅವನು ವಾಸವಿದ್ದ ಲೇಕ್ ಜಿನೀವಾ ಅಲ್ಲಿಗೆ ದೂರವಲ್ಲ. ಆಟ ಹುಟ್ಟಿಸಿದವನೇ ತನ್ನ ಕಾಲ ಕೆಳಗಿನ ನೆಲದಿಂದ ಶುರು ಮಾಡಿರುವಾಗ ನಾವು ಮಾತ್ರ ಫೇರೂನಿನ ಕರಾವಳಿಯಾದ ಸ್ವೋರ್ಡ್ ಕೋಸ್ಟ್‌ಗೆ ಹೋಗಿ ಬಂದರಿನಲ್ಲಿ ಹಡಗು ಎಣಿಸಬೇಕೇ? ಡ್ವಾರ್ಫ್‌ಗಳ, ಅಂದರೆ ಆಟದ ಕುಳ್ಳ ಜನರ, ಗಣಿ ಬೇಕೆಂದರೆ ಕೋಲಾರ ಜಿಲ್ಲೆಯಲ್ಲಿ ಕೆಜಿಎಫ್ ಇದೆ. ಮೂರು ಕಿಲೋಮೀಟರ್‌ಗೂ ಹೆಚ್ಚು ಆಳಕ್ಕೆ ಇಳಿದಿದ್ದ ಗಣಿ ಅದು, 2001ರಲ್ಲಿ ಮುಚ್ಚಿತು. ಆ ಆಳದಲ್ಲಿ ಬಂಡೆ ಸುಡುತ್ತದೆ, ಒತ್ತಡಕ್ಕೆ ಸಿಡಿಯುತ್ತದೆ. ಇಂಥದ್ದನ್ನು ಬಿಟ್ಟು ಅಚ್ಚಾದ ಪುಸ್ತಕದ ಗಣಿಯನ್ನು ಏಕೆ ಹುಡುಕಬೇಕು?

ಒಂದು ಸಂಜೆಯ ಮಾತು ಹೇಳಲೇಬೇಕು. ನಮ್ಮಲ್ಲಿ ಮಧುಗಿರಿ ತಾಲೂಕಿನ ಹುಡುಗಿಯೊಬ್ಬಳು ಆಡುತ್ತಾಳೆ. ವಾಟರ್‌ಡೀಪ್ ಎಂಬ ಫೇರೂನಿನ ನಗರದ ಕಥೆ ನಡೆಯುವಾಗ ಅವಳು ತನ್ನ ಸರದಿ ಬಂದರೆ ದಾಳ ಉರುಳಿಸಿ ಸುಮ್ಮನಾಗುತ್ತಿದ್ದಳು. ಆ ದಿನ ಕಥೆ ನಡೆಸುವ ಡಂಜನ್ ಮಾಸ್ಟರ್ ನಾನು. ಪುಸ್ತಕ ಮುಚ್ಚಿಟ್ಟು ಹೇಳಿದೆ: ನಿಮ್ಮ ಮುಂದೆ ಏಕಶಿಲೆಯ ಬೆಟ್ಟ, ಮೇಲೆ ಕೋಟೆ, ಒಳಗೆ ಐವತ್ತು ಬಂಟರು, ಬಾಗಿಲು ಮುಚ್ಚಿದೆ. ಫೈಟರ್, ಅಂದರೆ ಯೋಧನ ಪಾತ್ರದವನು, ಬಾಗಿಲು ಒಡೆಯುತ್ತೇನೆ ಎಂದ, ಮಂತ್ರವಾದಿಯಾದ ವಿಝರ್ಡ್ ಬೆಂಕಿ ಎಸೆಯುತ್ತೇನೆ ಎಂದ. ಅವಳು ಕೇಳಿದ್ದು ಒಂದೇ: "ದೊಣೆ ಎಲ್ಲಿದೆ?" ಮಳೆ ನೀರು ನಿಲ್ಲುವ ದೊಣೆಯಿಲ್ಲದೆ ಬಂಡೆಯ ಮೇಲೆ ಯಾವ ಕೋಟೆಯೂ ಮುತ್ತಿಗೆ ತಾಳುವುದಿಲ್ಲ ಎಂದು ಅವಳಿಗೆ ಗೊತ್ತು. ಅಲ್ಲಿಂದ ಆಟ ಅವಳ ಕೈಗೆ ಹೋಯಿತು. ಇದು ಯಾವ ತಿಂಗಳು, ದೊಣೆಯಲ್ಲಿ ಎಷ್ಟು ನೀರು ಉಳಿದಿರಬಹುದು, ದನ ಕಾಯುವವರು ಯಾವ ಬದಿಯಿಂದ ಹತ್ತುತ್ತಾರೆ, ಇಬ್ಬನಿಯಲ್ಲಿ ಬಂಡೆ ಎಷ್ಟು ಜಾರುತ್ತದೆ. ಒಂದು ಕತ್ತಿಯೂ ಒರೆಯಿಂದ ಹೊರಬರದೆ ಕೋಟೆ ಶರಣಾಯಿತು. ರಾತ್ರಿ ಹನ್ನೊಂದಾದರೂ ಯಾರೂ ಎದ್ದಿರಲಿಲ್ಲ.

ಪಾಳೆಯಗಾರರ ಲೋಕ ತಂದರೆ ಜಾತಿಯೂ ಬರುತ್ತದೆ, ದೇವರೂ ಬರುತ್ತಾರೆ ಎಂದು ಕೆಲವರು ತಕರಾರು ತೆಗೆಯುತ್ತಾರೆ. ಅದನ್ನು ಮೇಜಿನ ಸುತ್ತ ಕೂತು ನೋಡಿಕೊಳ್ಳೋಣ. ಸಿದ್ಧ ಲೋಕ ಕೇಳುವವರಿಗೆ ನಿಜಕ್ಕೂ ಬೇಕಾದದ್ದು ತಾವು ಯೋಚಿಸದೆ ಓದಿಹೇಳಬಹುದಾದ ಪುಟ. ಮಧುಗಿರಿಯ ಆ ಕೋಟೆಯನ್ನು ಅವರು ಯಾವ ಪುಟದಿಂದ ಓದಿ ಹೇಳುತ್ತಿದ್ದರು?

ವಿರೋಧ: ಹೊಸಬರಿಗೆ ಸಿದ್ಧ ಲೋಕವಿರಲಿ

ಈ ಬದಿಯನ್ನು ಬರೆಯಲು ನನ್ನನ್ನು ಕೇಳಿದರು, ಬರೆಯುತ್ತಿದ್ದೇನೆ. ಮಧುಗಿರಿಯ ಆ ಸಂಜೆ ನಾನೂ ಇದ್ದೆ, ಫೈಟರ್ ಆಡಿದವನು ನಾನೇ, ಆಟ ಚೆನ್ನಾಗಿತ್ತು. ಆದರೆ ಒಂದು ಒಳ್ಳೆಯ ಸಂಜೆಗೂ ವರ್ಷವಿಡೀ ನಡೆಯುವ ಲೋಕಕ್ಕೂ ಬಹಳ ಅಂತರವಿದೆ.

ಮುಖ್ಯ ಕಾರಣ ಸಮಯ. ಫೇರೂನ್ ಇರುವ ಫರ್ಗಾಟನ್ ರೆಲ್ಮ್ಸ್ ಲೋಕವನ್ನು ಎಡ್ ಗ್ರೀನ್‌ವುಡ್ ಹುಡುಗನಾಗಿದ್ದಾಗಲೇ, ಈ ಆಟವೇ ಹುಟ್ಟುವ ಮೊದಲೇ ಕಲ್ಪಿಸಲು ಶುರು ಮಾಡಿದರು. ಅದು ಆಟದ ಲೋಕವಾಗಿ ಪ್ರಕಟವಾದದ್ದು 1987ರಲ್ಲಿ. ಅಷ್ಟು ಕಾಲದ ಕೆಲಸ ಕೈಗೆ ಸಿಗುತ್ತಿರುವಾಗ, ಕೆಲಸಕ್ಕೆ ಹೋಗಿ ಬಂದು ದಣಿದ ಡಂಜನ್ ಮಾಸ್ಟರ್ ಶನಿವಾರ ರಾತ್ರಿ ಊರು, ದೇವರು, ನಾಣ್ಯ, ಕುಲಗಳನ್ನು ಹೊಸದಾಗಿ ಹೊಸೆಯಬೇಕೇ? 2014ರ ಆರಂಭಿಕರ ಪೆಟ್ಟಿಗೆಯಲ್ಲಿ ಫ್ಯಾಂಡಲಿನ್ ಎಂಬ ಊರು ಸಿದ್ಧವಾಗಿದೆ: ದಾರಿಯಲ್ಲಿ ಗಾಬ್ಲಿನ್‌ಗಳ ಹೊಂಚು, ಊರಲ್ಲಿ ಪುಂಡರ ಕಾಟ, ಆಚೆ ಕಳೆದುಹೋದ ಗಣಿ. ಓದಿಕೊಂಡು ಕೂತರೆ ಆಟ ನಡೆಯುತ್ತದೆ. ನಾಳೆ ನಮ್ಮವರೊಬ್ಬರು ಕೆಲಸಕ್ಕೆಂದು ಬೆಂಗಳೂರಿಗೆ ಹೋದರೂ ಅಲ್ಲಿನ ಮೇಜಿನಲ್ಲಿ ಅದೇ ಲೋಕ ಸಿಗುತ್ತದೆ. ದಣಿದವರಿಗೆ ಸಮಯವಿಲ್ಲ ಎಂಬುದನ್ನು ಮತ್ತೆ ಹೇಳುತ್ತೇನೆ, ಏಕೆಂದರೆ ನಮ್ಮ ಬಳಗದ ಆಟಗಳು ಅರ್ಧಕ್ಕೆ ನಿಂತದ್ದೆಲ್ಲ ಈ ಕಾರಣಕ್ಕೆ.

ಇನ್ನು ದೇವರ ಮಾತು. ನನ್ನ ಅಜ್ಜಿಯ ಊರು ಕೋಲಾರ. ಕೋಲಾರಮ್ಮನ ಗುಡಿಯಲ್ಲಿ ಚೇಳಮ್ಮನಿಗೂ ಪೂಜೆಯಿದೆ. ಚೇಳು ಕಚ್ಚದಂತೆ ಕಾಯುತ್ತಾಳೆಂದು ಹರಕೆ ಹೊರುತ್ತಾರೆ, ಅಜ್ಜಿಯೂ ಹೊತ್ತಿದ್ದರು. ಆ ದೇವಿಗೆ ಒಂದು ಕ್ಲೆರಿಕ್ ಪಾತ್ರವನ್ನು, ಅಂದರೆ ದೇವರ ಬಲದಿಂದ ಮಂತ್ರ ಹಾಕುವ ಪೂಜಾರಿಯನ್ನು, ಕೊಟ್ಟು, ಇಪ್ಪತ್ತು ಮುಖದ ದಾಳದಲ್ಲಿ ಒಂದು ಬಿದ್ದಾಗ ಅವಳ ಕೃಪೆ ತಪ್ಪಿತು ಎಂದು ನಾನು ಹೇಳಲಾರೆ. ಫೇರೂನಿನ ದೇವರುಗಳಿಗೆ ಯಾರ ಅಜ್ಜಿಯೂ ಹರಕೆ ಹೊತ್ತಿಲ್ಲ. ಜಾತಿಯ ವಿಷಯವೂ ಅಷ್ಟೇ. ಮೇಜಿನ ಸುತ್ತ ಕೂತವರೆಲ್ಲ ಒಂದೇ ಕೇರಿಯಿಂದ ಬಂದವರಲ್ಲ. ಪಾಳೆಯಗಾರನ ಕೋಟೆಯೊಳಗೆ ಯಾರನ್ನು ಎಲ್ಲಿ ನಿಲ್ಲಿಸುತ್ತಿದ್ದರು ಎಂಬುದು ಎಲ್ಲರಿಗೂ ಗೊತ್ತು. "ಕೂತು ನೋಡಿಕೊಳ್ಳೋಣ" ಎನ್ನುವವರು ಆ ಸಂಜೆ ಯಾರ ಮುಖ ನೋಡಿಕೊಂಡು ಕಥೆ ಹೇಳುತ್ತಾರೆ?

ವಾಟರ್‌ಡೀಪ್‌ನ ಹೆಸರು ಹೇಳಿದವರೆಲ್ಲ ಊರು ಮರೆತವರು ಎಂಬಂತೆ ನನ್ನ ಗೆಳೆಯ ವಾದಿಸುತ್ತಾನೆ. ನಾವು ಯಾರೂ ಮರೆತಿಲ್ಲ. ನಿಯಮ ಕಲಿತು, ಪಾತ್ರಗಳು ಐದನೆಯ ಹಂತಕ್ಕೆ ಏರಿದ ಮೇಲೆ ಮಧುಗಿರಿಗೆ ಹೋಗೋಣ, ದೇವರ ಹೆಸರುಗಳನ್ನು ಬದಲಿಸಿಕೊಂಡು. ಬರುವ ಭಾನುವಾರ ಇಬ್ಬರು ಕಾಲೇಜು ವಿದ್ಯಾರ್ಥಿಗಳು ಮೊದಲ ಬಾರಿ ಬರುತ್ತಿದ್ದಾರೆ. ಅವರಿಗಾಗಿ ಫ್ಯಾಂಡಲಿನ್‌ನ ನಕ್ಷೆಯನ್ನು ತೆಗೆದಿಟ್ಟಿದ್ದೇನೆ.