ನೆನಪು ನೆಟ್ಟಗಿರುವಾಗಲೇ ಆಲ್ಜೈಮರ್ ರಕ್ತಪರೀಕ್ಷೆ ಬೇಕೆ?

ಪರ

ಅರವತ್ತಕ್ಕೆ ಅರಳು ಮರಳು ಎಂದು ಮನೆಯವರು ನಗುವ ಹೊತ್ತಿಗೆ ಆಲ್ಜೈಮರ್ ಎಂಬ ಮರೆವಿನ ರೋಗ ಮಿದುಳಿನಲ್ಲಿ ಹದಿನೈದಿಪ್ಪತ್ತು ವರ್ಷ ಬೀಡುಬಿಟ್ಟಿರುತ್ತದೆ. ಮೊದಲು ಅಮಿಲಾಯ್ಡ್ ಎಂಬ ಪ್ರೋಟೀನು ನರಕೋಶಗಳ ನಡುವೆ ಗಟ್ಟಿಕಟ್ಟುತ್ತದೆ, ಆಮೇಲೆ ಟೌ ಎಂಬ ಇನ್ನೊಂದು ಕೋಶದೊಳಗೇ ಸಿಕ್ಕುಗಟ್ಟುತ್ತದೆ. ಮರೆವು ಬರುವುದು ಎಲ್ಲಕ್ಕಿಂತ ಕೊನೆಗೆ. ಇದನ್ನು ಮೊದಲೇ ಕಾಣಲು ಮಿದುಳಿನ ಪೆಟ್ ಸ್ಕ್ಯಾನ್ ಮಾಡಿಸಬೇಕಿತ್ತು, ಇಲ್ಲವೇ ಬೆನ್ನಿಗೆ ಸೂಜಿ ಚುಚ್ಚಿ ದ್ರವ ತೆಗೆಯಬೇಕಿತ್ತು. ಈಗ ಪಿ-ಟೌ217 ಎಂಬ, ಅದೇ ಟೌವಿನ ಒಂದು ರೂಪವಾದ ಸೂಚಕವನ್ನು ತೋಳಿನ ರಕ್ತದಲ್ಲೇ ಅಳೆಯಬಹುದು. ಸ್ವೀಡನ್ನಿನಲ್ಲಿ 1,213 ಮಂದಿಯ ಮೇಲೆ ನಡೆದು 2024ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕಾಯಿಲೆ ಇದೆಯೋ ಇಲ್ಲವೋ ಎಂಬುದನ್ನು ಈ ಪರೀಕ್ಷೆ ಶೇ. 90ರ ಆಸುಪಾಸು ಸರಿಯಾಗಿ ಹೇಳಿತು. ಇದರ ನೆರವಿಲ್ಲದೆ ಮರೆವಿನ ತಜ್ಞರು ಶೇ. 73, ಸಾಮಾನ್ಯ ವೈದ್ಯರು ಶೇ. 61.

ಸತ್ತ ನರಕೋಶವನ್ನು ಯಾವ ಔಷಧವೂ ಎಬ್ಬಿಸಲಾರದು. ಲೆಕನೆಮ್ಯಾಬ್, ಡೊನನೆಮ್ಯಾಬ್ ಎಂಬ ಔಷಧಗಳು ಅಮಿಲಾಯ್ಡನ್ನು ತೊಳೆಯುತ್ತವೆ, ಅಷ್ಟೇ. ಕೋಶ ಸಾಯುವ ಮುಂಚೆಯೇ ಕೊಟ್ಟರೆ ಏನಾದೀತು ಎಂದು ನೋಡುವ ಪ್ರಯೋಗಗಳಿಗೆ ಬೇಕಾದವರು ನೆನಪು ಚೆನ್ನಾಗಿರುವವರೇ. ರಕ್ತದೊತ್ತಡ ನೋಡಿಸಲು ಲಕ್ವ ಹೊಡೆಯಲೆಂದು ಯಾರಾದರೂ ಕಾಯುತ್ತಾರೆಯೇ? ಪ್ರಯೋಗದ ಗೊಡವೆ ಬೇಡವೆಂದವರೂ ಆಸ್ತಿ ಯಾರಿಗೆ, ಕೊನೆಗಾಲದ ಚಿಕಿತ್ಸೆ ಎಷ್ಟರ ಮಟ್ಟಿಗೆ ಎಂಬುದನ್ನು ಬುದ್ಧಿ ಸ್ವಾಧೀನದಲ್ಲಿರುವಾಗಲೇ ಬರೆದಿಡಬಹುದು. ನನ್ನ ರಕ್ತದ ಸುದ್ದಿಯನ್ನು ನನ್ನಿಂದ ಬಚ್ಚಿಡಲು ಬೇರೆಯವರು ಯಾರು?

ವಿರೋಧ

ಸ್ವೀಡನ್ನಿನ ಆ 1,213 ಮಂದಿ ಮರೆವಿನ ದೂರು ಹೊತ್ತು ವೈದ್ಯರ ಬಳಿ ಬಂದವರು. ಪರ ವಾದಿಸುವವರು ಈ ಮಾತನ್ನು ಮೆಲ್ಲಗೆ ನುಂಗಿಬಿಡುತ್ತಾರೆ. ಲಕ್ಷಣವೇ ಇಲ್ಲದ ನೂರು ಜನರಲ್ಲಿ ಹತ್ತು ಮಂದಿಗೆ ಮಾತ್ರ ಅಮಿಲಾಯ್ಡ್ ಇದೆ ಎಂದಿಟ್ಟುಕೊಳ್ಳಿ. ಇದ್ದವರಲ್ಲೂ ಇಲ್ಲದವರಲ್ಲೂ ಶೇ. 90 ಸರಿ ಹೇಳುವ ಪರೀಕ್ಷೆ ಆ ಹತ್ತರಲ್ಲಿ ಒಂಬತ್ತನ್ನು ಹಿಡಿಯುತ್ತದೆ. ಉಳಿದ ತೊಂಬತ್ತರಲ್ಲೂ ಒಂಬತ್ತು ಜನಕ್ಕೆ ‘ಇದೆ’ ಎನ್ನುತ್ತದೆ. ಹದಿನೆಂಟು ವರದಿಗಳಲ್ಲಿ ಅರ್ಧ ಸುಳ್ಳು! ಮೂತ್ರಪಿಂಡ ಸೋತವರ ರಕ್ತದಲ್ಲಿ ಆಲ್ಜೈಮರ್ ಇಲ್ಲದಿದ್ದರೂ ಪಿ-ಟೌ ಏರಿರುತ್ತದೆ, ಅದು ಬೇರೆ.

ವರದಿ ನಿಜವೇ ಆಯಿತೆನ್ನಿ. ಪಿ-ಟೌ ಹೆಚ್ಚಿರುವವರ ಗುಂಪಿನಲ್ಲಿ ನೆನಪು ಬೇಗ ಕುಸಿಯುತ್ತದೆ, ಒಪ್ಪುತ್ತೇನೆ. ಆದರೆ ಎದುರು ಕೂತ ಈ ಒಬ್ಬರಿಗೆ ಯಾವಾಗ, ಎಷ್ಟು ಬೇಗ, ಅಥವಾ ಬಂದೇ ಬರುತ್ತದೆಯೇ ಎಂಬುದನ್ನು ಆ ಅಂಕಿ ಹೇಳದು. ಮಿದುಳಲ್ಲಿ ಅಮಿಲಾಯ್ಡ್ ಹೊತ್ತೇ ಕಡೆಯುಸಿರಿನವರೆಗೂ ಚುರುಕಾಗಿ ಬಾಳಿದವರಿದ್ದಾರೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2025ರ ಮೇ ತಿಂಗಳಲ್ಲಿ ಮೊದಲ ರಕ್ತಪರೀಕ್ಷೆಗೆ ಅನುಮತಿ ಕೊಟ್ಟಾಗಲೂ ಲಕ್ಷಣ ಕಾಣಿಸಿಕೊಂಡವರಿಗೆಂದೇ ಕೊಟ್ಟಿತು.

ರಕ್ತದೊತ್ತಡಕ್ಕೆ ಮಾತ್ರೆ ಇದೆ. ಇದಕ್ಕೆ? ಲೆಕನೆಮ್ಯಾಬ್ 18 ತಿಂಗಳಲ್ಲಿ ಕುಸಿತವನ್ನು ಶೇ. 27ರಷ್ಟು ನಿಧಾನಿಸಿತು, ಅದೂ ಮರೆವು ಶುರುವಾದವರಲ್ಲಿ. ಕೆಲವರ ಮಿದುಳು ಊದಿಕೊಂಡಿತು, ಕೆಲವರಿಗೆ ಅಲ್ಲೇ ರಕ್ತ ಒಸರಿತು. ವ್ಯಾಯಾಮ ಮಾಡಿ, ಕಿವಿ ಮಂದವಾಗಿದ್ದರೆ ಯಂತ್ರ ಹಾಕಿಸಿಕೊಳ್ಳಿ ಎನ್ನುವುದಕ್ಕೆ ರಕ್ತ ತೆಗೆಯಬೇಕಿಲ್ಲ. ವಿಲ್ ಬರೆಯುವುದಕ್ಕೂ ಅಷ್ಟೇ. ಬೀಗದ ಕೈ ಎಲ್ಲಿಟ್ಟೆ ಎಂದು ಎಲ್ಲರೂ ಹುಡುಕುತ್ತಾರೆ. ‘ಇದೆ’ ಎಂಬ ವರದಿ ಓದಿದವರು ಮಾತ್ರ ಹುಡುಕುತ್ತಲೇ ಬೆವರುತ್ತಾರೆ, ಮನೆಯವರು ಅವರನ್ನೇ ನೋಡುತ್ತ ನಿಲ್ಲುತ್ತಾರೆ.