ಎರಡು ಚುಕ್ಕೆ: ಒಂದು ಅವಲೋಕನ

ಕಾಲೇಜಿನ ವಿಚಾರ ಸಂಕಿರಣಕ್ಕೆ ಪ್ರಬಂಧ ಬರೆಯುವುದು ಕಷ್ಟವೇನಲ್ಲ. ಹೋದ ವರ್ಷದ್ದು ಇದ್ದೇ ಇರುತ್ತದೆ. ಬೆವರು ಹರಿಸಬೇಕಾದದ್ದು ಶೀರ್ಷಿಕೆಗೆ.

ಮೊದಲು ವಿಷಯ, ಆಮೇಲೆ ಎರಡು ಚುಕ್ಕೆ, ಆಮೇಲೆ ‘ಒಂದು ಅಧ್ಯಯನ’. ಅಧ್ಯಯನ ಮಾಡಿದ್ದೀರಾ ಅಂತ ಯಾರೂ ಕೇಳುವುದಿಲ್ಲ. ಆದರೂ ಮನಸ್ಸು ಚುಚ್ಚಿದರೆ ‘ಒಂದು ಅವಲೋಕನ’ ಅನ್ನಿ. ಪುಸ್ತಕವನ್ನು ಕಪಾಟಿನಲ್ಲಿ ದೂರದಿಂದ ನೋಡಿದ್ದರೆ ‘ಪಕ್ಷಿನೋಟ’. ಬೆನ್ನುಡಿ ಓದಿದ್ದರೆ ‘ಇಣುಕುನೋಟ’. ಏನೂ ಓದಿಲ್ಲವೇ? ‘ಹೊಸ ಓದು’.

ಸರಳ ಶೀರ್ಷಿಕೆ ಮಾತ್ರ ಬಹಳ ಅಪಾಯ. ‘ನಮ್ಮೂರ ಕೆರೆ ಯಾಕೆ ಬತ್ತಿತು’ ಅಂತಿಟ್ಟರೆ ಯಾಕೆ ಬತ್ತಿತು ಅಂತ ಹೇಳಬೇಕಾಗುತ್ತದೆ. ಊರಿಗೆ ಹೋಗಬೇಕು, ಹೂಳು ನೋಡಬೇಕು, ಒತ್ತುವರಿ ಮಾಡಿದವರ ಹೆಸರು ಬರೆಯಬೇಕು. ಅವರೇ ಕಾಲೇಜು ಆಡಳಿತ ಮಂಡಳಿಯಲ್ಲಿದ್ದರೆ? ‘ಕೆರೆ ಸಂಸ್ಕೃತಿ: ಬಹುಶಿಸ್ತೀಯ ನೆಲೆಗಳು’ ಅಂದುಬಿಡಿ. ಕೆರೆ ಇದ್ದರೂ ಆಯ್ತು, ಇಲ್ಲದಿದ್ದರೂ ಆಯ್ತು.

ಗಾಳಿ ಬಂದ ಕಡೆ ತೂರಿಕೊಳ್ಳುವುದೂ ಗೊತ್ತಿರಬೇಕು. ‘ವಚನಗಳಲ್ಲಿ ಪರಿಸರ ಪ್ರಜ್ಞೆ’ 2021ರಲ್ಲಿ ‘ರಾಷ್ಟ್ರೀಯ ಶಿಕ್ಷಣ ನೀತಿಯ ಬೆಳಕಿನಲ್ಲಿ ವಚನಗಳು’ ಆಯಿತು. 2024ರಲ್ಲಿ ರಾಜ್ಯ ಸರ್ಕಾರ ಆ ನೀತಿಯ ನಾಲ್ಕು ವರ್ಷದ ಪದವಿ ಬಿಟ್ಟು ಮೂರು ವರ್ಷಕ್ಕೆ ಮರಳಿತು. ಬೆಳಕು ಹೋಯಿತು. ಈಗ ‘ವಚನಗಳು ಮತ್ತು ಕೃತಕ ಬುದ್ಧಿಮತ್ತೆ’. ಒಳಗಿನ ಐದು ವಚನಗಳು ಮಾತ್ರ ಅವೇ.

ಮೇಷ್ಟ್ರುಗಳನ್ನೇ ಬೈದು ಏನು ಪ್ರಯೋಜನ ಹೇಳಿ. ಅವರ ಬಡ್ತಿಗೆ ಅಂಕ ಬೇಕು. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ನಿಯಮದ ಪ್ರಕಾರ ರಾಜ್ಯ ಮಟ್ಟದಲ್ಲಿ ಪ್ರಬಂಧ ಮಂಡಿಸಿದರೆ 2 ಅಂಕ, ರಾಷ್ಟ್ರ ಮಟ್ಟದಲ್ಲಿ 3, ದೇಶದೊಳಗೇ ನಡೆಯುವ ಅಂತಾರಾಷ್ಟ್ರೀಯದಲ್ಲಿ 5. ಅಂಕ ಇರುವುದು ಬ್ಯಾನರಿಗೆ, ಬರಹಕ್ಕಲ್ಲ. ಹಾಗಾಗಿ ಮಾರಿಹಬ್ಬದ ಬಗ್ಗೆ ಬರೆದರೂ ‘ಜಾಗತಿಕ ಪರಿಪ್ರೇಕ್ಷ್ಯದಲ್ಲಿ’ ಅಂತ ಸೇರಿಸಬೇಕು. ಇನ್ನು ಸಂಕಿರಣ ಅಂತಾರಾಷ್ಟ್ರೀಯ ಆಗಲು ಪ್ರಾಂಶುಪಾಲರ ಭಾವಮೈದ ದುಬೈನಿಂದ ಜೂಮ್‌ನಲ್ಲಿ ಬಂದು “ನನ್ನ ಧ್ವನಿ ಕೇಳ್ತಿದೆಯಾ?” ಅಂದರೆ ಸಾಕು. ಕೇಳದಿದ್ದರೂ ಅಂಕ ಕಡಿಮೆಯಾಗುವುದಿಲ್ಲ.

ಕೊನೆಗೆ ಇದೆಲ್ಲ ಐಎಸ್‌ಬಿಎನ್ ಸಂಖ್ಯೆಯ ದಪ್ಪ ಪುಸ್ತಕವಾಗುತ್ತದೆ. ಅದರಲ್ಲಿ ಪಕ್ಕಪಕ್ಕದಲ್ಲೇ ಎರಡು ಲೇಖನ. ಅಲ್ಪವಿರಾಮವೂ ಬದಲಾಗಿಲ್ಲ, ಮುದ್ರಣದೋಷವೂ ಒಂದೇ. ಆದರೆ ಒಂದು ‘ಅಧ್ಯಯನ’, ಇನ್ನೊಂದು ‘ವಿಶ್ಲೇಷಣೆ’. ಒಂದೇ ವಿಷಯವನ್ನು ಎರಡು ಭಿನ್ನ ದೃಷ್ಟಿಯಿಂದ ನೋಡಿದ್ದಕ್ಕೆ ಸಂಪಾದಕರು ಮುನ್ನುಡಿಯಲ್ಲಿ ಇಬ್ಬರಿಗೂ ವಿಶೇಷ ಅಭಿನಂದನೆ ಸಲ್ಲಿಸಿದ್ದಾರೆ.