ಒಂದು ಕೇರಿ ಉಳಿಯಿತು, ಪಕ್ಕದ್ದು ಉಳಿಯಲಿಲ್ಲ

ಬಾಸ್ಟನ್‌ಗೆ ಬಂದ ಹೊಸದರಲ್ಲಿ, ಅಲ್ಲಿನ ಗುಡ್ಡದ ಮೇಲಿರುವ ಹಳೇ ಕೇರಿ ಬೀಕನ್ ಹಿಲ್‌ನ ಒಂದು ನಿಯಮ ಕೇಳಿ ನನಗೆ ಸಿಟ್ಟೇ ಬಂದಿತ್ತು. ಅಲ್ಲಿ ಮುಂಬಾಗಿಲಿಗೆ ಬೇರೆ ಬಣ್ಣ ಹೊಡೆಸಬೇಕೆಂದರೂ ಹಳೇ ಮನೆಗಳ ಹೊರನೋಟ ಕಾಯುವ ಸಮಿತಿ, ಅಂದರೆ ಕಮಿಷನ್, ಒಪ್ಪಬೇಕು. ನನ್ನ ಮನೆ, ನನ್ನಿಷ್ಟ ಅನ್ನೋ ಮಾತು ಕೇಳುತ್ತಲೇ ಬೆಳೆದವನು ನಾನು. ಬೀದಿಗೆ ಕಾಣುವುದೆಲ್ಲ ಬೀದಿಗೂ ಸೇರಿದ್ದು ಎಂಬ ಇಲ್ಲಿಯವರ ಲೆಕ್ಕ ತಲೆಗೆ ಹತ್ತಲು ಸಮಯ ಹಿಡಿಯಿತು.

ಈಗ ನಾನು ಆ ನಿಯಮದ ಪರ. ಅಲ್ಲಿನ ಕೆಲವು ಮನೆಗಳ ಕಿಟಕಿ ಗಾಜು ನೇರಳೆ ಬಣ್ಣದ್ದು. ಸುಮಾರು 1820ರ ಹೊತ್ತಿಗೆ ಕೂರಿಸಿದ ಗಾಜು. ಅದರೊಳಗಿನ ಮ್ಯಾಂಗನೀಸ್‌ನಿಂದಾಗಿ ಬಿಸಿಲು ತಾಗಿ ತಾಗಿ ಬಣ್ಣ ತಿರುಗಿದೆ. ಹಳೇದು ಅಂತ ಯಾರಾದರೂ ಸುಮ್ನೆ ಕಿತ್ತೆಸೆದಿದ್ದರೆ ಮತ್ತೆ ತರೋಕೆ ಆಗ್ತಿತ್ತಾ?

ಇದನ್ನೆಲ್ಲ ಉಳಿಸಲು ಹಟ ಹಿಡಿದವರು ನಿವಾಸಿಗಳೇ. 1947ರಲ್ಲಿ ನಗರಾಡಳಿತ ಇಟ್ಟಿಗೆ ಫುಟ್‌ಪಾತ್ ಕೀಳಲು ಬಂದಾಗ ಹೆಂಗಸರು ಆ ಇಟ್ಟಿಗೆಗಳ ಮೇಲೇ ಕೂತುಬಿಟ್ಟರು. ಕೆಲಸ ನಿಂತಿತು. 1955ರಲ್ಲಿ ಕೇರಿಯ ಹಳೇ ರೂಪ ಕಾಯುವ ಕಾನೂನೇ ಬಂತು.

ಗುಡ್ಡ ಇಳಿದು ಕೇಂಬ್ರಿಡ್ಜ್ ಸ್ಟ್ರೀಟ್ ದಾಟಿದರೆ ವೆಸ್ಟ್ ಎಂಡ್. ಇಟಲಿಯವರು, ಯಹೂದಿಗಳು, ಪೋಲೆಂಡಿನವರು ಅಕ್ಕಪಕ್ಕ ಬಾಳಿದ ಕೇರಿ. ಹೆಚ್ಚಿನವರು ಬಾಡಿಗೆಗೆ ಇದ್ದ ದುಡಿಯುವ ಜನ. ಅವರೂ ಬೇಡ ಅಂದರು, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಕೊಳೆಗೇರಿ ಅಂತ ಹೆಸರಿಟ್ಟು 1958ರಿಂದ ಕೆಡವಿದರು. ಸುಮಾರು 2,700 ಕುಟುಂಬಗಳು ಚದುರಿಹೋದವು. ಆ ಜಾಗದಲ್ಲಿ ಎದ್ದದ್ದು ಉಳ್ಳವರ ಅಪಾರ್ಟ್‌ಮೆಂಟ್ ಟವರ್‌ಗಳು. ಲೊಮಾಸ್ನಿ ವೇ ಎಂಬ ಬೀದಿಯಲ್ಲಿ ಹಳೇ ವಠಾರವೊಂದು ಇನ್ನೂ ನಿಂತಿದೆ. ಅದಕ್ಕೆ ಅಂಟಿಕೊಂಡಿದ್ದ ಮನೆಗಳಿಲ್ಲ. ಅದರ ಮುಂದೆ ನಿಂತಾಗ ಹೊಟ್ಟೆ ಉರಿಯುತ್ತದೆ.

ಎರಡೂ ಕೇರಿಯವರು ತಮ್ಮ ಬೀದಿಯನ್ನು ಪ್ರೀತಿಸಿದರು ಅಲ್ವಾ? ಒಂದು ಕಡೆ ಸ್ವಂತ ಮನೆಯವರ, ಪ್ರಭಾವ ಇದ್ದವರ ಮಾತು ನಡೆಯಿತು. ಇನ್ನೊಂದು ಕಡೆ ಬಾಡಿಗೆದಾರರ ಮಾತಿಗೆ ಬೆಲೆ ಸಿಗಲಿಲ್ಲ. ಇವತ್ತಿಗೂ ಬೀಕನ್ ಹಿಲ್‌ನ ಕಮಿಷನ್ ನೋಡುವುದು ಬಾಗಿಲು, ಕಿಟಕಿ, ಗೋಡೆ. ಬಾಡಿಗೆ ಜಾಸ್ತಿಯಾಗಿ ಮನೆ ಖಾಲಿ ಮಾಡುವವರ ವಿಷಯ ಅದರ ಮುಂದೆ ಬರುವುದೇ ಇಲ್ಲ. ಬರಬೇಕು ಅನ್ನೋದು ನನ್ನ ವಾದ.

ಜನರನ್ನೂ ಉಳಿಸಿಕೊಳ್ಳುವ ಒಂದು ದಾರಿಯನ್ನಂತೂ ಅಲ್ಲಿನ ಹಿರಿಯರು ಮಾಡಿ ತೋರಿಸಿದ್ದಾರೆ. ವಯಸ್ಸಾಯಿತು ಅಂತ ಬೀದಿ ಬಿಟ್ಟು ಹೋಗಲು ಮನಸ್ಸಿಲ್ಲದವರು ಸೇರಿ 2002ರಲ್ಲಿ ಬೀಕನ್ ಹಿಲ್ ವಿಲೇಜ್ ಎಂಬ ಸಂಘ ಶುರು ಮಾಡಿದರು. ಸದಸ್ಯರು ವರ್ಷಕ್ಕಿಷ್ಟು ಅಂತ ಹಣ ಕಟ್ಟುತ್ತಾರೆ. ಕೈಲಾಗದವರಿಗೆ ರಿಯಾಯಿತಿ ಇದೆ. ಡಾಕ್ಟರ ಹತ್ತಿರ ಹೋಗಬೇಕೇ, ಮನೆಯಲ್ಲಿ ಏನಾದರೂ ರಿಪೇರಿಯೇ, ಒಂದು ಫೋನ್ ಮಾಡಿದರೆ ಸಾಕು.